ಒದ್ದೆ ಅಂಗಳದಲ್ಲಿ ಹಿಡಿದ ಸೊನ್ನೆ

ಕರಿಬೇವಿನ ಗಿಡದ ಬುಡಕ್ಕೆ ಬಂದಾಗ ಯಂತ್ರ ಕೂಗಿತು.

ವಿಶ್ವನಾಥಪ್ಪನವರು ನಂಬಲಿಲ್ಲ. ಕೋಲಿನ ತುದಿಯ ತಂತಿಸುರುಳಿಯನ್ನು ಎಡಕ್ಕೆ ಒಯ್ದರು, ದನಿ ಸೋತಿತು. ಬಲಕ್ಕೆ ತಂದರು, ಮತ್ತೆ ಎದ್ದಿತು. ದಿಕ್ಕು ಬದಲಿಸಿ ನಿಂತು ಅಡ್ಡಲಾಗಿ ಬೀಸಿದರು. ಅದೇ ಜಾಗ, ಅದೇ ದನಿ. ತುಕ್ಕು ಹಿಡಿದ ಮೊಳೆಯ ಒಡಕು ದನಿಯಲ್ಲ ಅದು. ಹಿತ್ತಾಳೆಯೋ ತಾಮ್ರವೋ ಕೊಡುವ ತುಂಬು ಸ್ವರ.

ರಾತ್ರಿಯಿಡೀ ಸುರಿದ ಜುಲೈ ಮಳೆ ಬೆಳಿಗ್ಗೆ ಬಿಟ್ಟಿತ್ತು. ಓಝರ್ ಹೆದ್ದಾರಿಯ ಪಕ್ಕದ ಜಯರಾಮನ ಹೋಟೆಲಿನ ಹಿಂದಿನ ಆ ಅಂಗಳ ಪೂರ್ತಿ ನೆನೆದು, ಕಪ್ಪು ಮಣ್ಣು ಚಪ್ಪಲಿಯ ಅಡಿಗೆ ಎರಡು ಬೆರಳು ದಪ್ಪ ಅಂಟಿಕೊಂಡಿತ್ತು. ಅವರು ಹೆಜ್ಜೆ ಕಿತ್ತಿಡಲಾರದೆ ಅಲ್ಲಿಯೇ ನಿಂತರು.

ಮೇ ಹದಿನಾಲ್ಕರಂದು ಇದೇ ಗಿಡದ ಬುಡದಲ್ಲಿ, ಇದೇ ಯಂತ್ರ ಹಿಡಿದು, ನಲವತ್ತು ಜನರ ಎದುರಿಗೆ ಅವರು ‘ಇಲ್ಲಿ ಏನೂ ಇಲ್ಲ’ ಎಂದಿದ್ದರು, ಹಾಗೆಂದು ಬರೆದೂ ಕೊಟ್ಟಿದ್ದರು. ಆ ಮಾತಿನಿಂದ ಹೋಟೆಲಿನ ಅಡುಗೆಯ ಧರ್ಮಣ್ಣ ಮೊದಲು ಸುಳ್ಳುಗಾರನಾಗಿ, ಆಮೇಲೆ ಕನ್ನಡ ಸಂಘದ ಗಣಪತಿಯ ಬೆಳ್ಳಿ ಪ್ರಭಾವಳಿ ಕದ್ದವನಾಗಿ, ಕೊನೆಗೆ ನಾಸಿಕ್ ಬಿಟ್ಟು ಹೋದವನಾಗಿದ್ದ.

ಧರ್ಮಣ್ಣ ಹೇಳಿದ್ದು ಇಷ್ಟೇ. ಪ್ರಭಾವಳಿ ಕಾಣೆಯಾದ ವಾರ, ಬೆಳಕು ಹರಿಯುವ ಹೊತ್ತಿಗೆ, ಕಂಬಳಿ ಹೊದ್ದ ಯಾರೋ ಕರಿಬೇವಿನ ಬುಡದಲ್ಲಿ ಒಂದು ಡಬ್ಬಿ ಹೂಳುತ್ತಿದ್ದುದನ್ನು ಅವನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದ. ಮುಖ ಕಂಡಿರಲಿಲ್ಲ. ಎಲ್ಲರೂ ನಕ್ಕಿದ್ದರು. ಯಂತ್ರವೂ ನಕ್ಕಿತೆಂದೇ ಜನ ತಿಳಿದರು.

ಈ ದಿನ ಅವರು ಇಲ್ಲಿಗೆ ಬಂದದ್ದು ಅನುಮಾನದಿಂದಲ್ಲ, ಒಂದು ಪತ್ರದ ಕಾಟ ತಡೆಯಲಾರದೆ. ಧರ್ಮಣ್ಣನ ಮಗಳು ಸಾಹಿತ್ಯ ಔರಂಗಾಬಾದಿನಿಂದ ಬರೆದಿದ್ದಳು. ನಮಸ್ಕಾರವಿಲ್ಲ, ಕ್ಷೇಮವಿಲ್ಲ, ಒಂದೇ ಸಾಲು: ‘ಅವತ್ತು ಯಂತ್ರದ ಸೊನ್ನೆಯನ್ನು ಎಲ್ಲಿ ಹಿಡಿದಿರಿ?’

ಇಡೀ ನಾಸಿಕ್ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಪೊಲೀಸರು ಕೇಳಿರಲಿಲ್ಲ. ಸ್ವತಃ ಅವರೂ ಕೇಳಿಕೊಂಡಿರಲಿಲ್ಲ.

ವಿಶ್ವನಾಥಪ್ಪನವರು ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದವರು. ರೆಕ್ಕೆಯ ತಗಡಿನೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸುರುಳಿಯಿಂದ ಕೇಳಿ ಪತ್ತೆ ಮಾಡುವುದು ಅವರ ವಿದ್ಯೆ. ನಿವೃತ್ತರಾದ ಮೇಲೆ ಅದೇ ವಿದ್ಯೆಯಿಂದ ಲೋಹಶೋಧಕವೊಂದನ್ನು ಕಟ್ಟಿಕೊಂಡು, ದ್ರಾಕ್ಷಿ ತೋಟಗಳಲ್ಲಿ ಕಳೆದುಹೋದ ಮಂಗಳಸೂತ್ರ, ಮಣ್ಣು ಮುಚ್ಚಿದ ಪೈಪಿನ ವಾಲ್ವುಗಳನ್ನು ಹುಡುಕಿಕೊಡುತ್ತಿದ್ದರು. ಅವರ ಮಾತಿಗೆ ಬೆಲೆ ಇದ್ದದ್ದು ಹೀಗೆ. ಆ ಬೆಲೆಯೇ ಧರ್ಮಣ್ಣನನ್ನು ತುಳಿದಿತ್ತು.

ಅಗೆಯಲು ಕೈ ಹೋಯಿತು. ಅವರು ತಡೆದರು. ಒಂದು ಸಲ ಅವಸರ ಪಟ್ಟದ್ದು ಸಾಕಾಗಿತ್ತು.

ಹೋಟೆಲಿನ ಸೌದೆಯ ಕೊಟ್ಟಿಗೆಗೆ ತಗಡಿನ ಮಾಡು ಇತ್ತು. ಒಳಗಿನ ನೆಲ ಇನ್ನೂ ಮೇ ತಿಂಗಳಿನಂತೆಯೇ ಒಣಗಿ ಬಿರುಕು ಬಿಟ್ಟಿತ್ತು. ಅವರು ತಮ್ಮ ಬುತ್ತಿ ಡಬ್ಬಿಯ ಹಿತ್ತಾಳೆ ಮುಚ್ಚಳವನ್ನು ಅಲ್ಲಿ ಒಂದೂವರೆ ಗೇಣು ಆಳದಲ್ಲಿ ಹೂತರು.

ಮಣ್ಣಿಗೂ ಒಂದು ದನಿಯಿದೆ. ಈ ಕಪ್ಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಬೆರೆತಿರುವುದರಿಂದ ಯಂತ್ರಕ್ಕೆ ಮೊದಲು ಕೇಳುವುದು ಮಣ್ಣೇ. ಆದ್ದರಿಂದ ಹುಡುಕುವ ಮುನ್ನ ಸುರುಳಿಯನ್ನು ನೆಲಕ್ಕೆ ಹಿಡಿದು, ‘ಈ ಮಣ್ಣಿನ ದನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಯಂತ್ರಕ್ಕೆ ಕಲಿಸಬೇಕು. ಅದನ್ನೇ ಸೊನ್ನೆ ಹಿಡಿಯುವುದು ಎನ್ನುತ್ತಾರೆ. ನೆನೆದ ಮಣ್ಣು ವಿದ್ಯುತ್ತನ್ನು ಒಯ್ಯುತ್ತದೆ, ಒಣ ಮಣ್ಣು ಅಷ್ಟಾಗಿ ಒಯ್ಯದು. ಎರಡರ ದನಿ ಬೇರೆ. ಎರಡರ ಸೊನ್ನೆಯೂ ಬೇರೆ.

ಒಣ ನೆಲದಲ್ಲೇ ಸೊನ್ನೆ ಹಿಡಿದು ಮುಚ್ಚಳದ ಮೇಲೆ ಬೀಸಿದರು. ಯಂತ್ರ ಸ್ಪಷ್ಟವಾಗಿ ಕೂಗಿತು.

ಆಮೇಲೆ ಮೂಲೆಯಲ್ಲಿ ಒಂದು ಕೊಡ ನೀರು ಸುರಿದು, ಇಂಗಲು ಬಿಟ್ಟು, ಆ ಒದ್ದೆಯ ಮೇಲೆ ಸೊನ್ನೆ ಹಿಡಿದರು. ಯಂತ್ರ ಗೊಣಗಿತು. ಮೇ ತಿಂಗಳಲ್ಲಿ ಮಾಡಿದಂತೆಯೇ, ಗೊಣಗು ನಿಲ್ಲುವವರೆಗೆ ಅದರ ಸೂಕ್ಷ್ಮತೆಯ ತಿರುಪನ್ನು ಇಳಿಸಿದರು. ಒಣ ನೆಲಕ್ಕೆ ನಡೆದು ಮುಚ್ಚಳದ ಮೇಲೆ ಬೀಸಿದರು.

ನಿಶ್ಶಬ್ದ.

ಹತ್ತು ಸಲ ಬೀಸಿದರು. ತಾವೇ ಹೂತ ಮುಚ್ಚಳ ಕಾಲ ಕೆಳಗೇ ಇತ್ತು. ಯಂತ್ರ ಕಿವುಡಾಗಿತ್ತು.

ವಿಶ್ವನಾಥಪ್ಪನವರು ಸೌದೆಯ ರಾಶಿಯ ಮೇಲೆ ಕುಳಿತರು. ಅರವತ್ತೈದು ವರ್ಷದ ದೇಹಕ್ಕೆ ನಾಚಿಕೆ ಇಷ್ಟು ಬಿಸಿಯಾಗಿ ಕೆನ್ನೆಗೆ ಏರಬಲ್ಲದೆಂದು ಅವರು ಮರೆತಿದ್ದರು.

“ಎಂತದು ಸರ್, ಕೊಟ್ಟಿಗೇಲಿ ಕೂತ್ಕೊಂಡಿದ್ದೀರಿ? ಚಹಾ ತರ್ಲಾ?”

ಬಾಗಿಲಲ್ಲಿ ಜಯರಾಮನ ಹೆಂಡತಿ ಜಲಜಾಕ್ಷಿ ನಿಂತಿದ್ದಳು. ಜಯರಾಮ ಇಗತಪುರಿಗೆ ಹೋಗಿದ್ದ. ಅಲ್ಲಿನ ಅವರ ಇನ್ನೊಂದು ಹೋಟೆಲಿನ ಮಾಡು ಮಳೆಗೆ ಕುಸಿದಿತ್ತು. ಅವನಿಲ್ಲದ ಹೊತ್ತು ನೋಡಿ ಬಂದದ್ದಕ್ಕೂ ಅವರಿಗೆ ನಾಚಿಕೆಯಿತ್ತು.

“ಚಹಾ ಬ್ಯಾಡ್ರಿ. ಒಂದ್ ಮಾತು ಕೇಳಬೇಕು. ಮೇ ತಿಂಗಳದಾಗ ನಾ ಬಂದಾಗ ಅಂಗಳಕ್ಕ ನೀರು ಹಾಕಿದ್ದು ಯಾರು?”

“ನೀರು ದಿನಾ ನಾನೇ ಹಾಕೋದು. ಬೆಳಿಗ್ಗೆ ಐದಕ್ಕೆ ಒಂದು ಚೊಂಬು ಚಿಮುಕಿಸಿ ರಂಗೋಲಿ ಬಿಡ್ತೇನೆ. ಯಾಕೆ?”

“ನಾ ಬಂದದ್ದು ಹನ್ನೊಂದಕ್ಕ. ಆವಾಗ ಹಸಿ ಇತ್ತು.”

ಮೇ ತಿಂಗಳ ಓಝರಿನ ಬಿಸಿಲಿಗೆ ಚಿಮುಕಿಸಿದ ನೀರು ಕಾಲು ಗಂಟೆಯೂ ನಿಲ್ಲದು. ಆ ಬೇಸಿಗೆಯಲ್ಲಿ ಹೋಟೆಲಿಗೆ ನೀರು ಟ್ಯಾಂಕರಿನಿಂದ ಬರುತ್ತಿತ್ತು. ಕರಿಬೇವಿಗೂ ಬಟ್ಟಲಲ್ಲಿ ಅಳೆದು ಹಾಕುತ್ತಿದ್ದರು. ಅಂಥ ದಿನ ಅಂಗಳದ ಮಾವಿನ ಮರದ ನೆರಳಿನಲ್ಲಿ, ಅವರು ನಿಂತು ಸೊನ್ನೆ ಹಿಡಿದಷ್ಟೇ ಜಾಗದಲ್ಲಿ, ನೆಲ ಕೊಡಗಟ್ಟಲೆ ಕುಡಿದಿತ್ತು.

ಜಲಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹೌದು, ನನ್ನ ರಂಗೋಲಿಯ ಒಂದು ಮೂಲೆ ತೊಳೆದೇ ಹೋಗಿತ್ತು. ಬೇಜಾರಾಯ್ತು ನನಗೆ. ಕೇಳಿದ್ದಕ್ಕೆ, ಮೆಷಿನ್ನಿಗೆ ತಂಪು ಬೇಕು ಅಂತ ಹೇಳಿದ್ರು. ಎರಡು ಕೊಡ ನಾನೇ ತುಂಬಿಸಿ ಕೊಟ್ಟೆ.”

“ಯಾರು ಹೇಳಿದ್ರು?”

ಅವಳು ಅವರ ಮುಖ ನೋಡಿದಳು. ಆಮೇಲೆ ಮಳೆನೀರು ತೊಟ್ಟಿಕ್ಕುತ್ತಿದ್ದ ತಗಡಿನ ಅಂಚನ್ನು ನೋಡಿದಳು.

“ಹೆಂಗಸರ ಗುಂಪಿನಲ್ಲಿ ಯಾರೋ. ಅವತ್ತಿನ ಗಲಾಟೆಯಲ್ಲಿ ಎಲ್ಲಿ ನೆನಪಿರ್ತದೆ ಸರ್. ನಾನು ಚಹಾ ತರ್ತೇನೆ.”

ಅವರು ಅದನ್ನು ಮರೆವೆಂದು ತಿಳಿದರು. ನಾಚಿಕೆಪಡುವವನು ತನ್ನ ಕಾಲ ಬೆರಳುಗಳನ್ನೇ ನೋಡುತ್ತಿರುತ್ತಾನೆ. ಎದುರಿಗಿರುವವರ ಕಣ್ಣು ಅವನಿಗೆ ಕಾಣುವುದಿಲ್ಲ.

ಕಂಡಿದ್ದರೆ, ಒಳ್ಳೆಯ ಮನೆಯ ಹೆಂಗಸೊಬ್ಬಳು ಒಂದು ಹೆಸರನ್ನು ಹಲ್ಲಿನ ಹಿಂದೆ ಹಿಡಿದುಕೊಂಡದ್ದು ತಿಳಿಯುತ್ತಿತ್ತು. ಸಭ್ಯರ ಇಂಥ ದಾಕ್ಷಿಣ್ಯದಿಂದ ಎಷ್ಟು ನಿರಪರಾಧಿಗಳು ಊರು ಬಿಟ್ಟಿದ್ದಾರೆಂಬುದನ್ನು ಬರೆದಿಟ್ಟವರಿಲ್ಲ.

ನೀರು ಸುರಿದವರಿಗೆ ಈ ಗುಟ್ಟು ತಿಳಿದದ್ದಾದರೂ ಎಲ್ಲಿಂದ? ಮನೆಯ ದಾರಿಯಲ್ಲಿ ಉತ್ತರ ಹೊಳೆದು ಅವರು ಸೈಕಲ್ ಇಳಿದು ನಡೆಯತೊಡಗಿದರು. ಕಳೆದ ನವೆಂಬರಿನ ರಾಜ್ಯೋತ್ಸವದಲ್ಲಿ, ಸಂಘದ ವೇದಿಕೆಯ ಮೇಲೆ, ಶಾಲು ಹೊದ್ದು, ‘ಮಣ್ಣು ಮಾತಾಡುವ ಬಗೆ’ ಎಂದು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದವರು ಅವರೇ. ಹಸಿ ನೆಲದ ಸೊನ್ನೆ ಒಣ ನೆಲದಲ್ಲಿ ಯಂತ್ರವನ್ನು ಕಿವುಡಾಗಿಸುತ್ತದೆ ಎಂದಿದ್ದರು. ಚಪ್ಪಾಳೆ ಬಿದ್ದಿತ್ತು. ಜಯರಾಮ ಮುಂದಿನ ಸಾಲಿನಲ್ಲಿದ್ದ. ಜಲಜಾಕ್ಷಿಯಿದ್ದಳು. ಸಂಘದ ಎಲ್ಲ ಮನೆಗಳೂ ಇದ್ದವು.

ಉಪಾಯ ಹೇಳಿಕೊಟ್ಟವರು ಅವರು. ಅದಕ್ಕೆ ಬಲಿಯಾದವನು ಬೇರೆಯವನು.

* * *

ಮರುದಿನದ ಮೊದಲ ಬಸ್ಸಿಗೆ ಹತ್ತಿ, ಯೇವಲೆ, ವೈಜಾಪುರ ದಾಟಿ ಅವರು ಔರಂಗಾಬಾದ್ ತಲುಪಿದಾಗ ಮಧ್ಯಾಹ್ನ ಹನ್ನೆರಡು. ಅಲ್ಲಿಂದ ರಿಕ್ಷಾದಲ್ಲಿ ಚಿಕಲಠಾಣಾ.

ಸಾಹಿತ್ಯ ಕೆಲಸ ಮಾಡುತ್ತಿದ್ದುದು ಕೈಗಾರಿಕಾ ವಸಾಹತಿನ ಒಂದು ಚಿಕ್ಕ ಪ್ರಯೋಗಶಾಲೆಯಲ್ಲಿ. ಕಾರ್ಖಾನೆಗಳ ಅಳತೆಗೋಲು, ತೂಕಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ಅಲ್ಲಿಯ ಕಸುಬು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಬೇಸಿಗೆ, ಚಳಿ ಎನ್ನದೆ ಒಂದೇ ಉಷ್ಣತೆ. ಅವರು ಕೆಸರಿನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದರು.

ನೀಲಿ ಕೋಟಿನ ಹುಡುಗಿ ಎದ್ದು ನಿಂತಳು. ಇಪ್ಪತ್ತಮೂರೋ ನಾಲ್ಕೋ ವಯಸ್ಸು. ನಾಸಿಕ್‌ನಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡ ಮರಾಠಿಯ ಮೇಲೆ ಒರಗಿಕೊಂಡು ನಡೆಯುತ್ತಿತ್ತು.

“ಬಸಾ ಕಾಕಾ, ಕೂತ್ಕೊಳ್ಳಿ. ಬಾಬಾ ಕೂಡ ಬಂದಿದಾರೆ. ನಿಮ್ಮ ಫೋನ್ ಬಂತಲ್ಲ, ಬಿಡಕಿನ್‌ನಿಂದ ರಜಾ ಹಾಕಿ ಬಂದ್ರು.”

ಕಿಟಕಿಯ ಬಳಿ ಧರ್ಮಣ್ಣ ಕುಳಿತಿದ್ದ. ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗೆ ರಸ್ತೆ ಮಾಡುವ ಕೂಲಿಗಳಿಗೆ ಅವನೀಗ ರೊಟ್ಟಿ, ಕಡಲೆಹಿಟ್ಟಿನ ಪಿಠಲೆ ಬೇಯಿಸುತ್ತಿದ್ದ. ಎರಡು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾಗಿದ್ದ. ಅವನು ಏಳಲಿಲ್ಲ. ಕೈ ಮುಗಿಯಲಿಲ್ಲ. ಅದು ನ್ಯಾಯವಾಗಿಯೇ ಇತ್ತು.

“ಪತ್ರದ ಉತ್ತರ ಪತ್ರದಲ್ಲೇ ಕೊಡಬಹುದಿತ್ತು ನಾ ಕಾಕಾ?” ಎಂದಳು ಸಾಹಿತ್ಯ.

“ಬರಿಯೋ ಕೈ ಒಮ್ಮೆ ಸುಳ್ಳು ಬರ್ದದವ್ವಾ. ಅದಕ್ಕ ಬಾಯಿಲೆ ಹೇಳಾಕ ಬಂದೀನಿ.”

ಹೇಳಿದರು. ಕರಿಬೇವಿನ ಬುಡದ ಕೂಗು, ಕೊಟ್ಟಿಗೆಯ ಮುಚ್ಚಳ, ಮಾವಿನ ನೆರಳಿನ ಎರಡು ಕೊಡ ನೀರು. ಹೇಳಿ ಮುಗಿಸಿ, “ತಪ್ಪಾತು” ಎಂದರು.

ಸಾಹಿತ್ಯ ಮೇಜಿನ ಮೇಲಿದ್ದ ಉಕ್ಕಿನ ಬಿಲ್ಲೆಯೊಂದನ್ನು ಚಿಮಟದಿಂದ ಎತ್ತಿ ಅದರ ಪೆಟ್ಟಿಗೆಯಲ್ಲಿಟ್ಟಳು.

“ಇದು ನಮ್ಮ ಮಾಸ್ಟರ್ ಪೀಸ್. ಇದರ ತೂಕ ಪಕ್ಕಾ. ಇದನ್ನ ಮೊದಲು ಇಟ್ಟು ನೋಡದೆ ನಾವು ಒಂದು ಬಟಾಟೆಯ ತೂಕಕ್ಕೂ ಸಹಿ ಹಾಕಲ್ಲ. ನಿಮ್ಮ ಹತ್ರ ಇಂಥದು ಇತ್ತಾ?”

“ಇತ್ತು. ಹಿತ್ತಾಳೆ ಬಿಲ್ಲೆ. ಮ್ಯಾಲೆ ನನ್ನ ತಪಾಸಣಾ ಮುದ್ರೆಯ ನಂಬರು, ನಲವತ್ತೊಂದು. ಎಲ್ಲಿ ಹೋದ್ರೂ ಮೊದಲ ಅದನ್ನ ಮಣ್ಣಾಗ ಹೂತು, ಯಂತ್ರಕ್ಕ ಕೇಳಸ್ತದೋ ಇಲ್ಲೋ ನೋಡಿ ಆಮ್ಯಾಲೆ ಕೆಲಸ.”

“ಅವತ್ತು ಹೂತ್ರಾ?”

“ಅವತ್ತು ಅದು ಸಿಗಲಿಲ್ಲ. ಚೀಲದಾಗ ಇರ್ಲಿಲ್ಲ. ಪ್ರೇಮಾ... ನಮ್ಮ ಮನಿಯವರೂ ಹುಡುಕಿದ್ರು. ಮಂದಿ ಕಾಯಾಕತ್ತಾರ, ಬರ್ರಿ ಅಂತ ನನಗಿಂತ ಮುಂದ ಹೋದ್ರು. ಹೋದೆ.”

“ಮತ್ತೆ ಟೆಸ್ಟ್ ಯಾಕೆ ಕ್ಯಾನ್ಸಲ್ ಮಾಡ್ಲಿಲ್ಲ?”

ಅವರು ತಮ್ಮ ಬರಿಗಾಲನ್ನು ನೋಡಿಕೊಂಡರು.

“ನೆಲ ಒದ್ದೆ ಇದೆ ಅಂತ ನಿಮಗೆ ಕಾಣ್ಲಿಲ್ವಾ?”

“ಕಂಡಿತ್ತು.”

“ಒದ್ದೆಯಲ್ಲಿ ಝೀರೋ ತಗೊಂಡು ಸೂಖಾ ನೆಲಕ್ಕೆ ಹೋದ್ರೆ ರಾಂಗ್ ರಿಸಲ್ಟ್ ಬರ್ತದೆ. ಇದು ನಿಮಗೆ ಆಗ ಮಾಹಿತ್ ಇತ್ತಾ, ಇಲ್ವಾ?”

ಇಲ್ಲಿ ಒಂದು ಸುಲಭವಾದ ದಾರಿಯಿತ್ತು. ‘ಗಡಿಬಿಡಿಯಲ್ಲಿ ಹೊಳೆಯಲಿಲ್ಲ’ ಎಂದರೆ ಸಾಕು. ವಯಸ್ಸಾದವರ ಮರೆವನ್ನು ಯಾರೂ ಶಿಕ್ಷಿಸುವುದಿಲ್ಲ. ಬಸ್ಸಿನಲ್ಲಿ ಐದು ಗಂಟೆ ಅವರು ಆ ವಾಕ್ಯವನ್ನು ಸಿದ್ಧಪಡಿಸಿಕೊಂಡೇ ಬಂದಿದ್ದರು.

ತರಬೇತಿಗೆ ಬಂದ ಹುಡುಗರಿಗೆ ಅವರು ಮೂವತ್ತೆರಡು ವರ್ಷ ಹೇಳಿದ್ದ ಪಾಠವೊಂದಿತ್ತು: ತಿಳಿಯದೆ ಆದದ್ದು ತಪ್ಪು, ತಿಳಿದೂ ಬಿಟ್ಟದ್ದು ದ್ರೋಹ; ವಿಮಾನ ಎರಡಕ್ಕೂ ಬೀಳುತ್ತದೆ, ಆದರೆ ಎರಡನೆಯದನ್ನು ಮಾಡಿದವನು ನನ್ನ ಕಣ್ಣೆದುರು ನಿಲ್ಲಬಾರದು.

“ಗೊತ್ತಿತ್ತು,” ಎಂದರು.

ಸಾಹಿತ್ಯಳ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು.

“ಗೊತ್ತಿತ್ತವ್ವಾ. ಮಾವಿನ ನೆರಳು ಅಲ್ಲಿತ್ತು. ಖುರ್ಚಿ ಹಾಕಿದ್ರು. ಆರತಿ ಎತ್ತಿದ್ರು. ವಿಜ್ಞಾನಿ ಬಂದಾರ ಅಂತ ಯಾರೋ ಅಂದ್ರು. ಹಸಿ ನೆಲದ ಮ್ಯಾಲೆ ಯಂತ್ರ ಗೊಣಗತೊಡಗಿತು. ಮಂದಿ ಮುಂದ ಮಾನ ಹೋದಂಗಾತು ನನಗ. ಗೊಣಗು ನಿಲ್ಲೂತನಕ ಅದರ ಕಿವಿ ಹಿಂಡಿದೆ. ಇದೇನು ವಿಮಾನದ ರೆಕ್ಕಿ ಅಲ್ಲಲ್ಲ, ಅಡಗಿಯವನ ಮಾತು ಅಷ್ಟ ಅಂತ...”

ವಾಕ್ಯ ಅಲ್ಲಿಗೆ ನಿಂತಿತು. ಆ ‘ಅಷ್ಟ’ ಎಂಬುದು ಎಲ್ಲರಿಗೂ ಕೇಳಿಸಿತ್ತು.

“ಮೂರು ಅಡಿ ಆಳದ ತನಕ ಲೋಹ ಇಲ್ಲ ಅಂತ ಬರ್ದುಕೊಟ್ಟೆ. ನನ್ನ ಯಂತ್ರಕ್ಕ ಒಂದೂವರೆ ಅಡಿ ಕೇಳಿಸಿದ್ರ ಹೆಚ್ಚು. ಕೆಳಗ ನಲವತ್ತೊಂದು ಅಂತ ನಂಬರು ಹಾಕಿದೆ. ನಿವೃತ್ತಿ ಆದ ದಿನ ಆ ನಂಬರು ಕಾರ್ಖಾನೀಗೆ ವಾಪಸ್ ಕೊಟ್ಟಿದ್ದೆ. ಹಾಕೋ ಹಕ್ಕು ನನಗಿರಲಿಲ್ಲ.”

ಗೋಡೆಯ ಯಂತ್ರ ತಣ್ಣನೆಯ ಗಾಳಿ ಊದುತ್ತಲೇ ಇತ್ತು. ಅಷ್ಟು ಹೊತ್ತಿಗೆ ಧರ್ಮಣ್ಣ ಮೊದಲ ಬಾರಿಗೆ ಬಾಯಿ ತೆರೆದ.

“ನೀವು ನನ್ನನ್ನು ಕಳ್ಳ ಅಂದಿದ್ರೆ ಇಷ್ಟು ಬೇಸರ ಇರ್ಲಿಲ್ಲ ಮಾರಾಯ್ರೆ. ಜನ ಹಾಗೆ ಹೇಳೋದುಂಟು. ನೀವು ಹೇಳಿದ್ದು ಅಲ್ಲಿ ಏನೂ ಇಲ್ಲ ಅಂತ. ನಿಮ್ಮಂಥವರು ಹೇಳಿದ್ದಲ್ವಾ? ಎರಡು ತಿಂಗಳಿಂದ ನನಗೇ ಸಂಶಯ. ರೊಟ್ಟಿ ತಟ್ತಾ ತಟ್ತಾ ಯೋಚಿಸ್ತೇನೆ, ನಾನು ಕಂಡದ್ದು ಕನಸಾ? ನನಗೆ ತಲೆ ಕೆಟ್ಟಿತಾ? ಕೇಸು ಗೀಸು ಹಾಳಾಗಿ ಹೋಗ್ಲಿ. ನನ್ನ ಕಣ್ಣನ್ನೇ ನೀವು ಕಿತ್ಕೊಂಡದ್ದು.”

ವಿಶ್ವನಾಥಪ್ಪನವರು ಎದ್ದು ಅವನ ಕಾಲಿಗೆ ಬಾಗಿದರು. ಧರ್ಮಣ್ಣ ಕಾಲು ಹಿಂದಕ್ಕೆಳೆದುಕೊಂಡ.

“ಬೇಡ. ಕಾಲು ಹಿಡಿಯೋದು ಸುಲಭ, ಇಲ್ಲಿ ಯಾರೂ ನೋಡೋದಿಲ್ಲ. ಅಲ್ಲೇ ಹೇಳಿ. ಅದೇ ಅಂಗಳ, ಅದೇ ಜನ. ಸೋಮವಾರ ಕೋರ್ಟ್ ಉಂಟು. ನಿಮ್ಮ ಕಾಗದ ಅಲ್ಲಿ ನನ್ನ ಮೇಲೆ ಕೂತಿದೆ.”

“ಶನಿವಾರ ಹೇಳ್ತೀನಿ. ಪೊಲೀಸರ ಮುಂದ ಅಗೀತೀನಿ. ನೀವಿಬ್ರೂ ಬರ್ಬೇಕು. ನೀ ಕಂಡದ್ದು ಮೊದಲು ನೀನ ನೋಡಬೇಕು, ಧರ್ಮಣ್ಣ.”

ಸಾಹಿತ್ಯ ಅವರನ್ನು ಬಾಗಿಲವರೆಗೆ ಬಿಟ್ಟಳು. ಅವರು ಬಗ್ಗಿ ಚಪ್ಪಲಿಯ ಒಣ ಮಣ್ಣು ಕೆರೆಯುತ್ತಿದ್ದಾಗ ಕೇಳಿದಳು:

“ಕಾಕಾ, ಆ ಬಿಲ್ಲೆ ಆಮೇಲೆ ಸಿಕ್ತಾ?”

“ಇಲ್ಲವ್ವಾ. ಇನ್ನೂ ಸಿಕ್ಕಿಲ್ಲ.”

“ಅದನ್ನ ಎಲ್ಲಿ ಇಡ್ತಿದ್ರಿ?”

“ದೇವರ ಕೋಣ್ಯಾಗ. ಯಂತ್ರದ ಚೀಲ ಅಲ್ಲೇ ಇರ್ತದ.”

ಅವಳು ತಲೆಯಾಡಿಸಿದಳು.

* * *

ಮನೆಗೆ ಬಂದಾಗ ಪ್ರೇಮಾ ಜೋಳದ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಮುಖ ಇಷ್ಟು ಬಿದ್ದದ್ದನ್ನು ಅವರು ಕಂಡಿರಲಿಲ್ಲ. ವಿಶ್ವನಾಥಪ್ಪನವರು ಎಲ್ಲವನ್ನೂ ಹೇಳಿದರು. ಪ್ರೇಮಾ ಕೊನೆಯವರೆಗೂ ಕೇಳಿದರು. ಹಿಟ್ಟಿನಲ್ಲಿದ್ದ ಕೈ ಚಲಿಸಲಿಲ್ಲ.

“ಕಾಗದ ತಪ್ಪು ಅಂತ ಬರ್ದುಕೊಟ್ರ ಸಾಲದೇನ್ರಿ? ಅಗೀಲೇಬೇಕಾ?”

“ಅಗೀದಿದ್ರ ಧರ್ಮಣ್ಣನ ಮಾತು ಅರ್ಧಕ್ಕ ನಿಲ್ತದ.”

“ಮಂದಿ ಮುಂದ ನಿಮ್ಮ ಮಾನ?”

“ಅದು ಮೇ ತಿಂಗಳದಾಗ ಹೋಗ್ಯದ. ನನಗ ಈಗ ಗೊತ್ತಾತು, ಅಷ್ಟ.”

ಪ್ರೇಮಾ ಕೈ ತೊಳೆದುಕೊಂಡರು. ಅರ್ಧ ನಾದಿದ ಹಿಟ್ಟು ಹಾಗೆಯೇ ಉಳಿಯಿತು. ಆ ದಿನ ರೊಟ್ಟಿಯಾಗಲಿಲ್ಲ.

* * *

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋಟೆಲಿನ ಹಿಂದಿನ ಅಂಗಳ ತುಂಬಿತ್ತು. ಜಯರಾಮ ಇಗತಪುರಿಯಿಂದ ಮರಳಿದ್ದ. ಸಂಘದ ಅಧ್ಯಕ್ಷನೂ ಅವನೇ. ದೂರು ಕೊಟ್ಟವನೂ ಅವನೇ.

“ಎರಡು ತಿಂಗಳ ಹಿಂದೆ ಇಲ್ಲ, ಇವತ್ತು ಉಂಟು,” ಎಂದ ಅವನು, ಎಲ್ಲರಿಗೂ ಕೇಳುವಂತೆ. “ನಡುವೆ ಯಾರಾದ್ರೂ ಬಂದು ಇಟ್ಟಿರಬಹುದಲ್ವಾ ವಿಶ್ವನಾಥಪ್ಪನವರೇ? ನಾನಿಲ್ಲದಾಗ ನೀವು ಬಂದಿದ್ರಂತೆ.”

“ಬಂದಿದ್ದೆ. ಅದನ್ನೂ ಹೇಳ್ತೀನಿ.”

ಅವರು ಮಾವಿನ ಕೆಳಗೆ, ಮೇ ತಿಂಗಳಲ್ಲಿ ನಿಂತ ಜಾಗದಲ್ಲಿಯೇ ನಿಂತರು. ಖುರ್ಚಿ ಕೊಡಬಂದವರಿಗೆ ಬೇಡವೆಂದರು. ಚಿಕಲಠಾಣಾದ ತಣ್ಣನೆಯ ಕೋಣೆಯಲ್ಲಿ ಹೇಳಿದ್ದನ್ನೆಲ್ಲ ಒಂದು ಪದವನ್ನೂ ಬಿಡದೆ ಹೇಳಿದರು. ‘ಗೊತ್ತಿತ್ತು’ ಎಂಬುದನ್ನು ಎರಡು ಸಲ ಹೇಳಿದರು, ಹಿಂದಿನ ಸಾಲಿಗೆ ಕೇಳಲಿಲ್ಲವೇನೋ ಎಂದು. ಕಾಗದ ಹಿಂತೆಗೆದುಕೊಳ್ಳುವ ಅರ್ಜಿಯನ್ನು ಹವಾಲ್ದಾರರ ಕೈಗಿತ್ತರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ನೆಲ ನೋಡಿದರು. ಧರ್ಮಣ್ಣನ ಕೈಯ ಪಂಚಕಜ್ಜಾಯ ಇಪ್ಪತ್ತು ವರ್ಷ ತಿಂದು, ಒಂದು ದಿನವೂ ಅವನ ಪರವಾಗಿ ಬಾಯಿ ಬಿಡದವರು ಅವರು. ನೆಲ ನೋಡುವುದು ಅವರ ಪಾಲಿಗೂ ಬಂದಿತ್ತು.

ಹೆಂಗಸರ ಗುಂಪಿನಲ್ಲಿ ಜಲಜಾಕ್ಷಿ ಇದ್ದಳು. ಅವಳ ಪಕ್ಕದಲ್ಲಿ ಪ್ರೇಮಾ ನಿಂತಿದ್ದರು. ಕಾಲುನೋವೆಂದು ಬೆಳಿಗ್ಗೆ ಬರಲೊಲ್ಲೆನೆಂದವರು, ಗಂಡ ಹೊಸ್ತಿಲು ದಾಟುವಾಗ ಹಿಂದಿನಿಂದ ಬಂದು ಕೂಡಿಕೊಂಡಿದ್ದರು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಈ ಸಲ ವಿಶ್ವನಾಥಪ್ಪನವರು ನಿಯಮ ಮುರಿಯಲಿಲ್ಲ. ಗಿಡದಿಂದ ಹತ್ತು ಹೆಜ್ಜೆ ದೂರ, ಅದೇ ನೆನೆದ ಮಣ್ಣಿನಲ್ಲಿ ಮುಚ್ಚಳ ಹೂತು, ಅಲ್ಲಿಯೇ ಸೊನ್ನೆ ಹಿಡಿದು, ಯಂತ್ರ ಕೂಗಿದ್ದನ್ನು ಹವಾಲ್ದಾರರಿಗೆ ಕೇಳಿಸಿದರು. ಆಮೇಲೆ ಕರಿಬೇವಿನ ಬುಡ. ಯಂತ್ರ ತುಂಬು ಸ್ವರದಲ್ಲಿ ಕೂಗಿತು.

ಸಾಹಿತ್ಯ ಸಲಿಕೆ ಹಿಡಿದಳು. ಧರ್ಮಣ್ಣ ಹೊಂಡದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಜಿಗುಟು ಮಣ್ಣು ತುಂಡುತುಂಡಾಗಿ ಮೇಲೆ ಬಂತು. ಒಂದು ಗೇಣು. ಒಂದೂವರೆ. ಸಲಿಕೆ ಟಣ್ ಎಂದಿತು.

“ಉಂಟು,” ಎಂದ ಧರ್ಮಣ್ಣ. ಯಾರಿಗೂ ಅಲ್ಲ, ತನಗೆ ತಾನೇ. “ಕನಸಲ್ಲ.”

ಹಾಲಿನ ಪುಡಿಯ ಹಳೆಯ ತಗಡು ಡಬ್ಬಿ. ತುಕ್ಕು ಆಗಲೇ ಸುತ್ತಲಿನ ಹಸಿ ಮಣ್ಣಿಗೆ ಇಳಿದು ಕೆಂಪು ಉಂಗುರ ಮಾಡಿತ್ತು. ಡಬ್ಬಿಯ ಹಿಡಿಕೆಗೆ ದೇವರ ಕೆಂಪು ದಾರದಿಂದ ಏನನ್ನೋ ಕಟ್ಟಿತ್ತು. ಹೂತವರಿಗೆ ಇದನ್ನು ಒಂದು ದಿನ ಮತ್ತೆ ಹುಡುಕಿ ತೆಗೆಯುವ ಆಸೆಯಿದ್ದಂತೆ.

ವಿಶ್ವನಾಥಪ್ಪನವರು ಬಗ್ಗಿ ಅದನ್ನು ಹೆಬ್ಬೆರಳಿನಿಂದ ಒರೆಸಿದರು. ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಮಣ್ಣಿನ ಕೆಳಗೆ ನಾಲ್ಕು, ಅದರ ಪಕ್ಕದಲ್ಲಿ ಒಂದು.

ಕಿವಿಯಲ್ಲಿ ಯಂತ್ರದ ಗೊಣಗು ಕೇಳಿದಂತಾಯಿತು. ಬೇರೆ ಯಾರೂ ಇನ್ನೂ ನೋಡಿರಲಿಲ್ಲ. ದಾರ ಕೊಳೆತಿತ್ತು; ಒಮ್ಮೆ ಎಳೆದರೆ ಬಿಲ್ಲೆ ಮುಷ್ಟಿಗೆ, ಮುಷ್ಟಿ ಜೇಬಿಗೆ. ಡಬ್ಬಿ ಸಿಕ್ಕಿದೆ, ಧರ್ಮಣ್ಣನ ಮಾತು ಉಳಿದಿದೆ, ಇನ್ನೇನು ಬೇಕು ಎಂದು ಒಳಗಿನಿಂದ ಒಂದು ದನಿ ಬಹಳ ಮೆತ್ತಗೆ ಕೇಳಿತು. ಮೇ ತಿಂಗಳಲ್ಲಿ ಮಾತಾಡಿದ್ದೂ ಅದೇ ದನಿ.

ಅವರು ಕೈ ತೆರೆದರು.

“ಇದು ನಂದು,” ಎಂದರು. “ನಲವತ್ತೊಂದು. ನಮ್ಮ ದೇವರ ಕೋಣ್ಯಾಗಿಂದು.”

ಅಂಗಳದಲ್ಲಿ ಗುಜುಗುಜು ಎದ್ದಿತು. ಜಯರಾಮ ಒಂದು ಹೆಜ್ಜೆ ಮುಂದೆ ಬಂದ. ಹವಾಲ್ದಾರರು ಬಿಲ್ಲೆಯನ್ನು ಕರವಸ್ತ್ರದಲ್ಲಿ ತೆಗೆದುಕೊಂಡು, ಡಬ್ಬಿಯತ್ತ ಗದ್ದ ಎತ್ತಿ, “ಉಘಡಾ,” ತೆರೆಯಿರಿ ಎಂದರು.

ಸಾಹಿತ್ಯ ಸಲಿಕೆಯ ತುದಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿದಳು.

ಜಲಜಾಕ್ಷಿ ಕಣ್ಣು ಮುಚ್ಚಿಕೊಂಡದ್ದು ಆಗ ವಿಶ್ವನಾಥಪ್ಪನವರಿಗೆ ಕಂಡಿತು. ಕೊಟ್ಟಿಗೆಯ ಬಾಗಿಲಲ್ಲಿ ಅವಳು ತಮ್ಮ ಮುಖ ನೋಡಿ ನುಂಗಿಕೊಂಡ ಹೆಸರು ಯಾವುದೆಂಬುದೂ ಅದರ ಹಿಂದೆಯೇ ಬಂತು.

ಗುಂಪು ಸೀಳಿಕೊಂಡು ಪ್ರೇಮಾ ಹೊಂಡದ ಅಂಚಿಗೆ ಬಂದು, ಸೀರೆ ಕೆಸರಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ, ಎರಡೂ ಕೈಗಳನ್ನು ಮುಚ್ಚಳದ ಮೇಲಿಟ್ಟರು.

“ತೆಗೀಬ್ಯಾಡವ್ವಾ,” ಎಂದರು ಸಾಹಿತ್ಯಳಿಗೆ, ನೆರೆಮನೆಯವರೊಂದಿಗೆ ಮಾತಾಡುವಷ್ಟೇ ತಗ್ಗಿದ ದನಿಯಲ್ಲಿ. “ಇದನ್ನ ಹೂತಾಕಿ ನಾನ. ಇದರಾಗ ಬೆಳ್ಳಿ ಇಲ್ಲ.”